ಹುಲಿ ಅಲ್ಲೇ ಸೇಫಾಗಿದೆಯಂತೆ

ಟಿಪ್ಪು ಸುಲ್ತಾನನ ಮರದ ಹುಲಿ ಬೊಂಬೇನ ಲಂಡನ್ನಿಂದ ವಾಪಸ್ ತರ್ಸಿ ಅಂತ ಯಾರಾದ್ರೂ ಬಾಯಿ ಬಿಟ್ರೆ ಸಾಕು, ಒಬ್ರು ಬಂದೇ ಬರ್ತಾರೆ, ಅದೂ ನಮ್ಮೋರೇ, "ಅಯ್ಯೋ ಬಿಡಿ ಸಾರ್, ಶ್ರೀರಂಗಪಟ್ಣದಲ್ಲಿದ್ದಿದ್ರೆ ಇಷ್ಟೊತ್ಗೆ ಗೆದ್ಲು ತಿಂದಿರೋದು, ಅಲ್ಲಿ ಸೇಫಾಗಿದೆ" ಅಂತ. ಎಷ್ಟು ಸೇಫು ಅಂತ ನೋಡೇಬಿಡಾಣ.

1799ರ ಮೇ 4ಕ್ಕೆ ಕೋಟೆ ಬಿತ್ತು. ಮೆಣಸು, ಬಟ್ಟೆ ಕೊಳ್ಳಕ್ಕೆ ಅಂತ ಹಡಗು ಹತ್ತಿ ಬಂದಿದ್ದ ಈಸ್ಟ್ ಇಂಡಿಯಾ ಕಂಪ್ನಿಯವರ ಸಿಪಾಯಿಗಳು ರಾತ್ರಿಯೆಲ್ಲಾ ಮನೆಮನೆ ನುಗ್ಗಿ ದೋಚಿದ್ರು, ಆಮೇಲೆ ಬ್ರಿಟಿಷ್ ಅಧಿಕಾರಿ ಆರ್ಥರ್ ವೆಲ್ಲೆಸ್ಲಿ ಬಂದು ಕೆಲವ್ರನ್ನ ನೇಣಿಗೆ ಹಾಕ್ಸಿ ಕೆಲವ್ರಿಗೆ ಚಾಟಿ ಏಟು ಕೊಡ್ಸಿ ನಿಲ್ಲಿಸ್ದ. ಎಂಥಾ ಶಿಸ್ತು ನೋಡಿ! ಶಿಸ್ತು ಬಂದ್ಮೇಲೆ ಲೂಟಿ ಮಾಲು ಹಂಚೋ ಪ್ರೈಜ್ ಕಮಿಟಿ ಕೂತು ಲೆಕ್ಕ ಬರ್ಕೊಂಡು ರ‍್ಯಾಂಕ್ ಪ್ರಕಾರ ಹಂಚ್ಕೊಂಡ್ರು. ಚಿನ್ನದ ಸಿಂಹಾಸನಾನ ಇಡಿಯಾಗಿ ಹಂಚಕ್ಕಾಗಲ್ವಲ್ಲ, ಅದಕ್ಕೆ ಒಡೆದೇ ಹಾಕಿದ್ರು, ಅದರ ಹುಲಿ ತಲೆ, ಹುಮಾ ಅನ್ನೋ ಕಲ್ಪನೆ ಪಕ್ಷಿಯ ಬೊಂಬೆ ಈಗ ಇಂಗ್ಲೆಂಡ್ ರಾಜರ ವಿಂಡ್ಸರ್ ಅರಮನೇಲಿ. ಲೆಕ್ಕ ಬರೀದೆ ತಗೊಂಡೋನಿಗೆ ನೇಣು, ಬರ್ದು ತಗೊಂಡೋರಿಗೆ ಪ್ರಮೋಷನ್ನು.

ಅದೇ ವರ್ಷ ಅಮೆರಿಕದ ಸೇಲಂನಲ್ಲಿ (ನಮ್ಮ ಪಕ್ಕದ ಸೇಲಂ ಅಲ್ಲ ಮಾರಾಯ್ರೆ) ಹಡಗಿನ ಕ್ಯಾಪ್ಟನ್ಗಳೆಲ್ಲ ಸೇರಿ ಈಸ್ಟ್ ಇಂಡಿಯಾ ಮರೀನ್ ಸೊಸೈಟಿ ಅಂತ ಒಂದು ಕಟ್ಕೊಂಡು, ದೇಶ ದೇಶದ ವಿಚಿತ್ರ ವಸ್ತು ಕೂಡಿಡಕ್ಕೆ ಶುರು ಮಾಡಿದ್ರು. ಒಟ್ನಲ್ಲಿ 1799 ಕಲಾಭಿಮಾನಿಗಳಿಗೆ ಒಳ್ಳೇ ಮುಹೂರ್ತ.

ಈಗ ನಮ್ಮ ಹುಲಿಗೆ ಬರೋಣ. ಮರದ್ದು, ಬಿಳಿಯನ ಮೇಲೆ ಹತ್ತಿ ಕೂತಿದೆ, ಹಿಡಿ ತಿರುಗಿಸಿದ್ರೆ ಹುಲಿ ಗುರ್ ಅನ್ನುತ್ತೆ, ಅವನು ಕೈ ಎತ್ತಿ ನರಳ್ತಾನೆ. 1808ರಿಂದ ಲಂಡನ್ನಿನ ಕಂಪ್ನಿ ಆಫೀಸಲ್ಲಿಟ್ರು, ಬಂದೋರು ಹೋದೋರೆಲ್ಲ ತಿರುಗಿಸಿದ್ದೇ ತಿರುಗಿಸಿದ್ದು, ಪಕ್ಕದಲ್ಲಿ ಕೂತು ಓದ್ತಿದ್ದ ಪಂಡಿತರಿಗೆ ತಲೆ ಚಿಟ್ಟು ಹಿಡಿದು ಹೋಯ್ತು, ಕೊನೆಗೊಂದಿನ ಹಿಡೀನೇ ಮಂಗಮಾಯ! ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಬಾಂಬಿಗೆ ಚಾವಣಿ ಕುಸಿದು ಹುಲಿ ನೂರಾರು ಚೂರಾಯ್ತು, ಆಮೇಲೆ ಕೂತು ಜೋಡಿಸಿದ್ರು ಪಾಪ. ಅದೇ ಊರಿನ ಬ್ರಿಟಿಷ್ ಮ್ಯೂಸಿಯಂನಲ್ಲಿ 2023ರಲ್ಲಿ ನೋಡಿದ್ರೆ ಸುಮಾರು 2,000 ವಸ್ತು ಕಳುವು, ಕಾಣೆ, ಇಲ್ಲಾ ಹಾಳು, ಕೆಲವು ಇಬೇಲಿ ಮಾರಾಟಕ್ಕಿದ್ವು. ನಮ್ ಗೆದ್ಲಿಗೆ ಇಬೇ ಅಕೌಂಟ್ ಇರ್ಲಿಲ್ಲ ಬಿಡಿ.

ಹುಲಿ ವಾಪಸ್ ಕೇಳಿದ್ರೆ, ಈಗ ಅದನ್ನಿಟ್ಕೊಂಡಿರೋ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನೋರು ಮ್ಯೂಸಿಯಂ ವಸ್ತು ಬಿಟ್ಕೊಡಬಾರ್ದು ಅನ್ನೋ 1983ರ ಕಾನೂನು ತೋರಿಸ್ತಾರೆ, ಕೊಡಕ್ಕೆ ಆಸೆ ಇದ್ರೂ ಕೊಡೋ ಹಾಗಿಲ್ವಂತೆ. ಕಾನೂನು ಮಾಡ್ಕೊಂಡಿದ್ದು ಯಾರು ಅಂತ ಕೇಳ್ಬಾರ್ದು. ಬಂದು ನೋಡ್ಕೊಂಡು ಹೋಗಿ, ಎಂಟ್ರಿ ಫ್ರೀ ಅಂತಾರೆ. ಶ್ರೀರಂಗಪಟ್ಣದ ಪಕ್ಕದ ಕಿರಂಗೂರಿನ ರೈತ ವೀಸಾ ಆಫೀಸಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡ್ಕೊಂಡು "ಸ್ವಾಮಿ, ನಮ್ಮೂರ ಹುಲಿ ನೋಡಿ ವಾಪಸ್ ಬಂದ್ಬಿಡ್ತೀನಿ, ಅಲ್ಲೇ ಉಳ್ಕೊಳಲ್ಲ" ಅಂತ ಪ್ರೂಫ್ ಕೊಡ್ಬೇಕು. ಹಂಗೆ ಅಲ್ಲೇ ಉಳ್ಕೊಂಡಿರೋದು ಹುಲಿ, ಪ್ರೂಫ್ ಕೇಳೋದು ರೈತನ್ನ.

ಶ್ರೀರಂಗಪಟ್ಣದ ಟಿಪ್ಪು ಅರಮನೆ ದರಿಯಾ ದೌಲತ್‌ನಲ್ಲಿ ಮಾತ್ರ, ಹೈದರ್-ಟಿಪ್ಪು ಕಂಪ್ನಿ ಸೈನ್ಯಾನ ಸೋಲಿಸಿದ 1780ರ ಪೊಲ್ಲಿಲೂರು ಯುದ್ಧದ ಚಿತ್ರ ಇವತ್ತಿಗೂ ಇದೆ, ಸೋತ ಕಂಪ್ನಿ ಕರ್ನಲ್ ಬೈಲಿ ಪಲ್ಲಕ್ಕೀಲಿ ಕೂತು ಬೆರಳು ಕಚ್ಕೊಂಡಿದ್ದಾನೆ. ಕಮಿಟಿಯೋರು ಅದನ್ನ ಕಲಾಭಿಮಾನದಿಂದ ಬಿಟ್ಟೋದ್ರು ಅನ್ಕೋಬೇಡಿ, ಗೋಡೆ ಮೇಲೆ ಬರ್ದಿದ್ರು.