ರಬ್ಬರ್ ಬಳೆಗೆ ‘ಆಫ್‌ರೋಡ್’ ಅಂತ ಹೆಸರಿಟ್ಟರೆ ರೇಟೇ ಬೇರೆ

ಒಂದು ಮಳೆಗಾಲ ಪೂರ್ತಿ ನನ್ನ ಜಿಮ್ನಿ ಜೀಪಿನ ಹಿಂದಿನ ಎಡಗಡೆಯಿಂದ ‘ಟಕ್’ ಅಂತ ಒಂದು ಸದ್ದು. ತೋಟದ ಗೇಟಿನ ಮುಂದೆ ಚರಂಡಿ ಇದೆ, ಅದನ್ನು ದಾಟುವಾಗ ಬರೋದು, ಗೊಬ್ಬರದ ಮೂಟೆ ಹೇರಿದ್ದರೆ ಬರ್ತಿರಲಿಲ್ಲ, ಖಾಲಿ ಇದ್ದಾಗ ಮಾತ್ರ. ಈ ಖಾಲಿ ಇದ್ದಾಗ ಮಾತ್ರ ಅನ್ನೋದನ್ನು ನಾನು ಮೊದಲೇ ಯೋಚಿಸಿದ್ದರೆ ಎರಡು ತಿಂಗಳು ಮತ್ತು ಒಂದಿಷ್ಟು ದುಡ್ಡು ಉಳಿಯುತ್ತಿತ್ತು.

ಗಾಡಿಯನ್ನು ಎರಡು ಇಂಚು ಎತ್ತರಿಸಿದ್ದೇನೆ. ಅಗತ್ಯಕ್ಕಾ ಶೋಕಿಗಾ ಅಂತ ಕೇಳಬೇಡಿ, ಅರ್ಧರ್ಧ. ಕಂಪನಿ ಕೊಟ್ಟ 210 ಎಂಎಂ ಕ್ಲಿಯರೆನ್ಸ್, ಅಂದ್ರೆ ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಅಂತರ, ನಮ್ಮ ಸಕಲೇಶಪುರದ ತೋಟದ ದಾರಿಗೆ ನಿಜ ಹೇಳಬೇಕಂದ್ರೆ ಸಾಕು. ಉದ್ದದ ಸ್ಪ್ರಿಂಗ್ ಹಾಕಿದರೆ ಬಾಡಿ ಮೇಲೇರುತ್ತೆ, ಆಕ್ಸಲ್ ಮಧ್ಯದ ಡಿಫರೆನ್ಷಿಯಲ್, ಅಂದ್ರೆ ಕೆಳಗೆ ಜೋತಿರುವ ಗೇರಿನ ಉಂಡೆ, ಇದ್ದಲ್ಲೇ ಇರುತ್ತೆ, ಅದನ್ನು ಎತ್ತೋಕೆ ದೊಡ್ಡ ಟೈರೇ ಬೇಕು. ಇದು ಎತ್ತರಿಸುವ ಸ್ಪ್ರಿಂಗ್-ಶಾಕ್ ಕಿಟ್ ಹಾಕಿಸಿದ ಮೇಲೆ ಗೊತ್ತಾಯ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬೇರೆ ಇದೆ, ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಥರ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಎತ್ತರಿಸೋಕೆ ಹೊರಟವರು ಅದನ್ನೂ ಒಮ್ಮೆ ಓದಿಕೊಳ್ಳಿ. ನಾನು ಓದಿದ್ದೂ ಆಮೇಲೆಯೇ.

ಸರಿ, ಸದ್ದಿಗೆ ಬರ್ತೀನಿ. ಮೊದಲು ಹೋದ ಗ್ಯಾರೇಜಿನಲ್ಲಿ ಬುಷ್, ಅಂದ್ರೆ ಕೀಲುಗಳಲ್ಲಿರುವ ರಬ್ಬರ್, ಹೋಗಿದೆ ಅಂದ್ರು, ಬದಲಾಯಿಸಿದ್ರು. ಆಮೇಲೆ ಶಾಕ್ ಅಬ್ಸಾರ್ಬರ್ ಬೋಲ್ಟ್ ಅಂದ್ರು, ಟೈಟ್ ಮಾಡಿದ್ರು. ಸದ್ದು ಹಾಗೇ ಇತ್ತು. ಕೊನೆಗೆ ನಮ್ಮಪ್ಪನ ಕಾಲದಿಂದ ಜೀಪು ನೋಡಿಕೊಳ್ಳುತ್ತಿದ್ದ ಹಳೆ ಮೇಸ್ತ್ರಿ ಹತ್ರ ಹೋದೆ. ಅವರು ಚಾಸಿಗೆ ಜಾಕ್ ಕೊಟ್ಟು ಎತ್ತಿ, ಚಕ್ರ ಜೋತು ಬೀಳೋಕೆ ಬಿಟ್ಟು, ಒಂದೇ ಕೈಯಲ್ಲಿ ಸ್ಪ್ರಿಂಗ್ ಹಿಡಿದು ತಿರುಗಿಸಿದರು. ಬಾಟಲಿ ಮುಚ್ಚಳದ ಥರ ತಿರುಗಿತು! “ನೋಡಿ ಅಣ್ಣಾ, ಇದು ಕೂತೇ ಇಲ್ಲ, ಕುಣೀತಿದೆ” ಅಂದರು.

ಸ್ಪ್ರಿಂಗಿಗೂ ಅದು ಕೂರುವ ತಗಡಿನ ಬಟ್ಟಲಿಗೂ ನಡುವೆ ಒಂದು ರಬ್ಬರ್ ಬಳೆ ಇರುತ್ತೆ. ಆನ್‌ಲೈನಲ್ಲಿ ಇದಕ್ಕೆ ಐಸೊಲೇಟರ್ ಅಂತಾರೆ, ಅಂಗಡಿಯಲ್ಲಿ ಸ್ಪ್ರಿಂಗ್ ಸೀಟ್ ರಬ್ಬರ್ ಅಂತ ಕೇಳಿ. ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ನೋಡಿಕೊಳ್ಳೋದು ಅದರ ಕೆಲಸ. ನನ್ನದನ್ನು ಹೊರಗೆ ತೆಗೆದಾಗ ಅರ್ಧ ಬಳೆ ಮಾತ್ರ ಸಿಕ್ಕಿತು. ಉಳಿದದ್ದರ ಮೇಲೆ ಸ್ಪ್ರಿಂಗಿನ ಅಚ್ಚು ಬೆರಳು ಇಡುವಷ್ಟು ಆಳಕ್ಕೆ ಬಿದ್ದಿತ್ತು, ಅದರೊಳಗೆ ನಮ್ಮದೇ ತೋಟದ ಕೆಂಪು ಮಣ್ಣು ಮೆತ್ತಿಕೊಂಡು ಒಣಗಿತ್ತು. ಸ್ಪ್ರಿಂಗಿನ ಕೊನೆಯ ಸುತ್ತಿನಲ್ಲಿ ಬಣ್ಣ ಎದ್ದು ತುಕ್ಕು ಹಿಡಿದಿತ್ತು. ಸದ್ದಿಗಿಂತ ಹೆಚ್ಚು ಹೆದರಬೇಕಾದದ್ದು ಇದಕ್ಕೆ, ಸ್ಪ್ರಿಂಗ್ ಮುರಿಯೋದು ಬಹಳ ಸಲ ಇಂಥ ತುಕ್ಕಿನ ಜಾಗದಿಂದಲೇ.

ಆಮೇಲೆ ಶುರುವಾಯ್ತು ಬೇಟೆ. ಆನ್‌ಲೈನಲ್ಲಿ ‘ಸ್ಪ್ರಿಂಗ್ ರಬ್ಬರ್’ ಅಂತ ಹುಡುಕಿದರೆ ಮೊದಲು ಬರೋದು ಸ್ಪ್ರಿಂಗಿನ ಸುತ್ತುಗಳ ನಡುವೆ ತುರುಕುವ ಬಫರ್. ದಯವಿಟ್ಟು ಅದನ್ನು ಇದು ಅಂದುಕೊಂಡು ತಗೋಬೇಡಿ. ಅದು ಒಂದು ಸುತ್ತನ್ನು ಅಮುಕದಂತೆ ತಡೆಯುತ್ತೆ, ಆ ಭಾರ ಉಳಿದ ಸುತ್ತುಗಳ ಮೇಲೆ ಬೀಳುತ್ತೆ. ಇನ್ನು ಸ್ಪೇಸರ್ ಅನ್ನೋದು ಎತ್ತರ ಹೆಚ್ಚಿಸೋಕೆ, ಅದೂ ಬೇರೆ. ನಿಜವಾದ ಐಸೊಲೇಟರ್ ಹೊರದೇಶದಿಂದ ತರಿಸೋಣ ಅಂತ ನೋಡಿದರೆ ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ಒಂದು ಜೋಡಿಗೆ ಹತ್ತು ಸಾವಿರದ ಹತ್ತಿರ. ರಬ್ಬರ್ ಬಳೆಗೆ! ಡಬ್ಬಿ ಮೇಲೆ ಕೆಸರಲ್ಲಿ ಎಗರುವ ಗಾಡಿಯ ಚಿತ್ರ ಇದೆ, ಅಷ್ಟೇ.

ಹಳೆ ಟ್ಯೂಬ್ ಕತ್ತರಿಸಿ ಇಟ್ಟು ನೋಡಿದೆ, ಮೂರು ವಾರ ಬಂತು. ರೇಡಿಯೇಟರ್ ಹೋಸ್ ಸೀಳಿ ಕೊನೆ ಸುತ್ತಿಗೆ ತೊಡಿಸಿದ್ದು ಸ್ವಲ್ಪ ಜಾಸ್ತಿ ದಿನ ಬಾಳಿತು, ಆದರೆ ಒಳಗೆ ಮಣ್ಣು ನೀರು ಹಿಡಿದಿಟ್ಟು ತುಕ್ಕನ್ನು ಚೆನ್ನಾಗಿ ಸಾಕಿತು. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದೆ, ಅಲ್ಲಿ ಸಿಕ್ಕಿದ್ದು ಬೇರೆ ಗಾಡಿಗಳದ್ದು. ಪೀಣ್ಯದಲ್ಲಿ ಒಬ್ಬರು ಪಿಯು (ಪಾಲಿಯುರೆಥೇನ್ ಅನ್ನೋ ಗಟ್ಟಿ ಪ್ಲಾಸ್ಟಿಕ್) ಸಲಾಕೆಯನ್ನು ಲೇತ್‌ಗೆ ಹಾಕಿ ಬೇಕಾದ ಅಳತೆಗೆ ತೆಗೆದುಕೊಡ್ತೀನಿ ಅಂದರು. ಒಳ್ಳೆಯ ದಾರಿಯೇ, ಪಿಯು ಬೇಗ ಸವೆಯಲ್ಲ. ಆದರೆ ರಬ್ಬರಿಗಿಂತ ಗಟ್ಟಿ, ಗ್ರೀಸ್ ಇಲ್ಲದಿದ್ದರೆ ಕಿರ್ ಕಿರ್ ಅನ್ನುತ್ತೆ, ರಸ್ತೆಯ ಸದ್ದನ್ನೂ ಒಳಗೆ ಬಿಡುತ್ತೆ.

ಕೊನೆಗೆ ದಾರಿ ತೋರಿಸಿದ್ದು ಮತ್ತೆ ಅದೇ ಮೇಸ್ತ್ರಿ. “ಅಳತೆ ತೆಗೆದಿದ್ದೀರಾ?” ಅಂತ ಕೇಳಿದರು. ಇಲ್ಲ! ವರ್ನಿಯರ್ ಹಿಡಿದು ಕೂತೆವು. ಕಂಬಿಯ ದಪ್ಪ, ಕೊನೆ ಸುತ್ತಿನ ಹೊರಗಿನ ಅಗಲ, ಒಳಗಿನ ಅಗಲ. ಉದ್ದ ಎಷ್ಟಾದರೂ ಇರಲಿ, ಕೂರುವ ತುದಿ ಹಳೆ ಕಂಪನಿ ಸ್ಪ್ರಿಂಗಿನದ್ದೇ ಅಳತೆ! ಅಂದರೆ ಕಂಪನಿಯ ಮಾಮೂಲಿ ರಬ್ಬರೇ ಸಾಕಾಗಿತ್ತು. ಹಾಸನದ ಬಿಡಿಭಾಗದ ಕೌಂಟರಿನಲ್ಲಿ ಆರ್ಡರ್ ಕೊಟ್ಟೆ, ಒಂಬತ್ತು ದಿನಕ್ಕೆ ಬಂತು, ಎರಡೂ ಸೇರಿ ಸಾವಿರ ದಾಟಲಿಲ್ಲ.

ಹಾಕೋದೂ ಕಷ್ಟ ಇಲ್ಲ. ಜಿಮ್ನಿಯಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಶಾಕಿನ ಕೆಳಗಿನ ಬೋಲ್ಟ್ ಬಿಚ್ಚಿ, ಆಕ್ಸಲನ್ನು ಜಾಕಿನ ಮೇಲೆ ಮೆಲ್ಲಗೆ ಇಳಿಸಿದರೆ ನಮ್ಮ ಸ್ಪ್ರಿಂಗ್ ಕೈಯಲ್ಲೇ ಈಚೆ ಬಂತು. ಬ್ರೇಕ್ ಹೋಸ್ ಎಳೆಯದಂತೆ ಒಬ್ಬರು ನೋಡ್ತಾ ಇರಬೇಕು. ತುಕ್ಕು ಉಜ್ಜಿ ಬಣ್ಣ ಹೊಡೆದು, ಸ್ಪ್ರಿಂಗಿನ ತುದಿ ಅದು ಕೂರುವ ಸೀಟಿನ ಮೆಟ್ಟಿಲಿಗೆ ಸರಿಯಾಗಿ ತಾಗುವಂತೆ ತಿರುಗಿಸಿ ಕೂರಿಸಿ, ಇಲ್ಲದಿದ್ದರೆ ಸೊಟ್ಟಗೆ ನಿಂತು ಹೊಸ ರಬ್ಬರನ್ನೂ ತಿನ್ನುತ್ತೆ.

ಆದರೂ ಪೂರ್ತಿ ಗೆದ್ದಿಲ್ಲ. ನನ್ನ ಕಿಟ್ಟಿನ ಶಾಕ್ ಸ್ಪ್ರಿಂಗಿಗಿಂತ ಉದ್ದ, ಚಕ್ರ ಪೂರ್ತಿ ಜೋತು ಬಿದ್ದಾಗ ಸ್ಪ್ರಿಂಗ್ ಈಗಲೂ ಸ್ವಲ್ಪ ಸಡಿಲ ಆಗುತ್ತೆ. ಖಾಲಿ ಗಾಡಿಯಲ್ಲಿ ಮಾತ್ರ ಸದ್ದು ಬರ್ತಿದ್ದದ್ದು ಅದಕ್ಕೇ. ರಬ್ಬರ್ ಇರೋದರಿಂದ ಟಕ್ ಹೋಗಿ ಈಗ ‘ಧಬ್’ ಆಗಿದೆ, ಅದೂ ದೊಡ್ಡ ಹೊಂಡದಲ್ಲಿ ಮಾತ್ರ. ಮುಂದಿನ ಚಕ್ರಗಳ ಸ್ಪ್ರಿಂಗ್ ಜೋಡಿ ಇನ್ನೂ ಬಿಚ್ಚಿಲ್ಲ. ಎರಡು ಇಂಚು ಎತ್ತರಿಸಿದವರು ಯಾರಾದ್ರೂ ಮುಂದಿನದ್ದನ್ನು ಬಿಚ್ಚಿದ್ದರೆ ಕೊನೆ ಸುತ್ತಿನ ಅಳತೆ ಕೆಳಗೆ ಹಾಕಿ. ಬ್ರ್ಯಾಂಡ್ ಹೆಸರು ಬೇಡ, ಎಂಎಂ ಲೆಕ್ಕ ಸಾಕು.