ಬೆಲ್ಲ ತಿಂದ ಮೇಲೆ

ಮಲೆನಾಡಿನ ಮನೆಗಳಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು. ಬೇಡ ಅನ್ನುವ ಹಾಗಿಲ್ಲ. ಚೂರು ಬೆಲ್ಲ ಬಾಯಿಗೆ ಹಾಕಿಕೊಂಡಿರೋ, ಮುಗಿಯಿತು. ಹಿಂದೆಯೇ ಕಷಾಯ, ಎಲೆಯಡಿಕೆ ತಟ್ಟೆ. ಊಟ ಮಾಡದೆ ಎದ್ದು ನೋಡಿ! ಎರಡು ನಿಮಿಷದ ಕೆಲಸಕ್ಕೆ ಹೋದವರು ಸಂಜೆ ಬಸ್ಸಿಗೆ ಹೊರಡುತ್ತಾರೆ.

ಶಿವಮೊಗ್ಗದ ಕಲ್ಯಾಣ ಮಂಟಪವೊಂದರಲ್ಲಿ ನಡೆದ ಚೆಸ್ ಟೂರ್ನಿಯಲ್ಲಿ ನನಗೂ ಹೀಗೇ ಆಯಿತು. ಹೊರಗೆ ಆಷಾಢದ ಮಳೆ, ಒಳಗೆ ಒದ್ದೆ ಛತ್ರಿಗಳ ವಾಸನೆ. ಎದುರಿಗೆ ಹತ್ತು ವರ್ಷದ ಹುಡುಗಿ. ಕುರ್ಚಿ ಮೇಲೆ ಮಂಡಿಯೂರಿ ಕೂತಿದ್ದಳು. ಇಲ್ಲದಿದ್ದರೆ ನನ್ನ ಕಡೆಯ ಆನೆ ಅವಳ ಕೈಗೆ ಎಟುಕುತ್ತಿರಲಿಲ್ಲ.

ರಾಜನ ಮುಂದಿನ ಕಾಲಾಳನ್ನು ಇಬ್ಬರೂ ಎರಡು ಮನೆ ನಡೆಸಿದೆವು. ಅವಳು ಪಕ್ಕದ ಒಂಟೆಯ ಮುಂದಿನದನ್ನೂ ಎರಡು ಮನೆ ತಳ್ಳಿ ಗಡಿಯಾರ ಒತ್ತಿದಳು. ಕಿಂಗ್ಸ್ ಗ್ಯಾಂಬಿಟ್! ಆಟದ ಶುರುವಿನಲ್ಲೇ ಕಾಲಾಳು ಕೊಟ್ಟು ದಾಳಿಗೆ ದಾರಿ ಮಾಡಿಕೊಳ್ಳುವ ಓಪನಿಂಗ್. ಸುಮ್ನೆ ಕೊಡುತ್ತಿರುವ ಕಾಯಿ. ಕೊಟ್ಟದ್ದನ್ನು ಬೇಡ ಅಂದು ನನಗೆ ಅಭ್ಯಾಸವಿಲ್ಲ. ಹೊಡೆದೆ.

ಅವಳ ಕುದುರೆ ಬಂತು. ಸಿಕ್ಕಿದ್ದನ್ನು ಉಳಿಸಿಕೊಳ್ಳಲು ಇನ್ನೊಂದು ಕಾಲಾಳನ್ನು ಎರಡು ಮನೆ ಓಡಿಸಿದೆ. ಅವಳು ಅಂಚಿನ ಕಾಲಾಳಿನಿಂದ ಅದನ್ನು ಕೆಣಕಿದಳು, ನಾನು ಅದನ್ನೇ ಮುಂದೆ ತಳ್ಳಿ ಕುದುರೆಯನ್ನು ಗದರಿಸಿದೆ. ಕುದುರೆ ನೆಗೆದು ನನ್ನ ಕಡೆಗೇ ಬಂತು. ಅಟ್ಟಿದರೆ ವಾಪಸ್ ಹೋಗುವುದು ಬಿಟ್ಟು ರಾಜನ ಮಗ್ಗುಲಿನ ಕಾಲಾಳನ್ನು ತಿಂದು ಅಲ್ಲೇ ನಿಂತಿತು. ಬಿಟ್ಟರೆ ಮಂತ್ರಿ ಹೋಗುತ್ತದೆ, ಇಲ್ಲವೇ ಆನೆ. ರಾಜನೇ ಎದ್ದು ಬಂದು ಹೊಡೆಯಬೇಕಾಯಿತು. ಲೆಕ್ಕಕ್ಕೆ ನನ್ನದೇ ಒಂದು ಕುದುರೆ ಜಾಸ್ತಿ. ಆದರೆ ನನ್ನ ರಾಜ ಮಳೆಯಲ್ಲಿ ಬರೀ ಪಂಚೆ ಉಟ್ಟು ಅಂಗಳಕ್ಕೆ ಬಂದು ನಿಂತಿದ್ದ. ಉಳಿದದ್ದು ಹೇಳುವಂಥದ್ದಲ್ಲ.

ಮುಂದೆ ವಿಶ್ವ ಚಾಂಪಿಯನ್ ಆದ ಅಮೆರಿಕದ ಬಾಬಿ ಫಿಷರ್ ಕೂಡ 1960ರಲ್ಲಿ ಅರ್ಜೆಂಟೀನಾದಲ್ಲಿ ರಷ್ಯದ ಆಟಗಾರ ಸ್ಪಾಸ್ಕಿ ಎದುರು ಇದೇ ಬೆಲ್ಲ ತಿಂದು ಸೋತವನು. ಮರುವರ್ಷ ಲೇಖನ ಬರೆದು ಈ ಓಪನಿಂಗ್ ಕಥೆ ಮುಗಿಯಿತು ಅಂದ. (ಸೋತ ಉರಿ ಅಲ್ವಾ.) ಅವನು ಹೇಳಿದ ಮದ್ದು ಇಷ್ಟೇ: ಕುದುರೆ ಬಂದಾಗ ಮಂತ್ರಿಯ ಮುಂದಿನ ಕಾಲಾಳನ್ನು ಒಂದು ಮನೆ ಸರಿಸು.

ಒಂದು ಮನೆ! ನಮ್ಮಜ್ಜನ ಚದುರಂಗದಲ್ಲಿ ಕಾಲಾಳಿಗೆ ಯಾವತ್ತೂ ಒಂದೇ ಮನೆ. "ಎರಡೆರಡು ಹಾರಕ್ಕೆ ಅದೇನು ಕಪ್ಪೆಯೇನೋ?" ಅನ್ನುತ್ತಿದ್ದರು.

ಆಟ ಮುಗಿದ ಮೇಲೆ ಹುಡುಗಿ ಡಬ್ಬಿ ತೆಗೆದು ಹಲಸಿನ ಹಪ್ಪಳ ಮುಂದೆ ಹಿಡಿದಳು. "ತಗೊಳ್ಳಿ ಅಂಕಲ್."

ಅವಳ ಇನ್ನೊಂದು ಕೈ ಎಲ್ಲಿದೆ ಅಂತ ನೋಡಿಕೊಂಡೇ ತಗೊಂಡೆ.