ಮಂಡಿ ನೋಡುವ ಶಾಸ್ತ್ರ

ಡಲ್ಲಾಸ್ ನಾರ್ತ್ ಟೋಲ್‌ವೇಯಲ್ಲಿ ಬೆಳಗಿನ ಹೊತ್ತು ಕಾರು ತೆವಳುತ್ತಿರುವಾಗ ರೇಡಿಯೊ ಹಾಕಿದರೆ ಕಿವಿಗೆ ಬೀಳುವ ಪ್ರಶ್ನೆ ಒಂದೇ. ಯಾವ ತಂಡದಲ್ಲೂ ಇಲ್ಲದೆ ಮನೆಯಲ್ಲಿ ಕುಳಿತಿರುವ ಇಂಥ ಹಿರಿಯ ರಿಸೀವರ್‌ನನ್ನು ಅಂದರೆ ಎಸೆದ ಚೆಂಡನ್ನು ಓಡಿ ಹಿಡಿಯುವ ಆಟಗಾರನನ್ನು, ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡ ಕೌಬಾಯ್ಸ್ ಕರೆತರಬೇಕೇ, ಬೇಡವೇ? ರಿಸೀವರ್‌ನ ಹೆಸರು ವರ್ಷಕ್ಕೊಮ್ಮೆ ಬದಲಾಗುತ್ತದೆ. ಪ್ರಶ್ನೆಯಾಗಲಿ, ಫೋನ್ ಮಾಡುವವರ ಏರುದನಿಯಾಗಲಿ ಬದಲಾಗುವುದಿಲ್ಲ. ಈ ವಾರ ಮೂರು ದಿನ ಇದನ್ನೇ ಕೇಳಿದ ಮೇಲೆ, ಈ ಊರಿನ ಎಲ್ಲ ಸಮಸ್ಯೆಗಳೂ ಬಗೆಹರಿದು ಇದೊಂದೇ ಬಾಕಿ ಉಳಿದಿದೆ ಎಂದು ನನಗೂ ಖಾತರಿಯಾಗಿದೆ.

ಈ ಹಬ್ಬದ ಅತ್ಯಂತ ವೈಭವದ ಆಚರಣೆಯನ್ನು ನಾವು ಕಂಡದ್ದು 2022ರ ಡಿಸೆಂಬರ್‌ನಲ್ಲಿ. ಆ ಸಲದ ವರ ಓಡೆಲ್ ಬೆಕ್‌ಹ್ಯಾಮ್ ಜೂನಿಯರ್. 2014ರಲ್ಲಿ ಜೈಂಟ್ಸ್ ಪರವಾಗಿ ಇದೇ ಕೌಬಾಯ್ಸ್ ವಿರುದ್ಧ ಹಿಂದಕ್ಕೆ ಬಾಗಿ ಒಂದೇ ಕೈಯಲ್ಲಿ ಚೆಂಡು ಹಿಡಿದವರು ಎಂಬುದನ್ನು ಯಾರಿಗೂ ನೆನಪಿಸಬೇಕಾಗಿಲ್ಲ. 2022ರ ಫೆಬ್ರವರಿಯಲ್ಲಿ, ಋತುವಿನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ರ‍್ಯಾಮ್ಸ್ ಪರ ಮೊದಲ ಟಚ್‌ಡೌನ್ ಗಳಿಸಿ, ಎರಡನೆಯ ಕ್ವಾರ್ಟರ್‌ನಲ್ಲಿ ಯಾರೂ ಮುಟ್ಟದೆಯೇ ಎಡಮಂಡಿ ಕೈಕೊಟ್ಟು ಕುಸಿದಿದ್ದರು. ಹತ್ತು ತಿಂಗಳ ನಂತರ ಅವರು ಜೈಂಟ್ಸ್ ಮನೆಗೆ ಹೋಗಿ, ಬಫಲೊ ಬಿಲ್ಸ್ ಮನೆಗೆ ಹೋಗಿ, ಕೊನೆಗೆ ನಮ್ಮ ಫ್ರಿಸ್ಕೊಗೆ ದಯಮಾಡಿಸಿದರು. ಕೌಬಾಯ್ಸ್ ಕೇಂದ್ರ ಕಚೇರಿ ಇರುವ ಈ ಊರಿನಲ್ಲಿ ಕನ್ನಡ ಮಾತಾಡುವ ಮನೆಗಳೂ ಸಾಕಷ್ಟಿವೆ. ಆ ವಾರ ನಾವು ಸೇರಿದಲ್ಲೆಲ್ಲ ಬಿಸಿಬೇಳೆಬಾತಿನ ತಟ್ಟೆ ಹಿಡಿದು ಚರ್ಚಿಸಿದ್ದು ಒಬ್ಬ ಅಪರಿಚಿತರ ಮಂಡಿಯನ್ನು. ಸ್ವಂತ ಮಂಡಿನೋವಿಗೆ ವೈದ್ಯರಲ್ಲಿಗೆ ಹೋಗಲು ಸೋಮಾರಿತನ ಮಾಡುವ ಹಿರಿಯರೂ ಲಿಗಮೆಂಟ್ ಕೂಡಿಕೊಳ್ಳಲು ಎಷ್ಟು ತಿಂಗಳು ಬೇಕೆಂಬುದನ್ನು ಕರಾರುವಾಕ್ಕಾಗಿ ಹೇಳುತ್ತಿದ್ದರು.

ಇಲ್ಲಿ ನನ್ನ ಸೋದರತ್ತೆಯನ್ನು ನೆನೆಯದೆ ಮುಂದೆ ಹೋಗಲಾರೆ. ಆಕೆಯ ಕಾಲದಲ್ಲಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತು ಮುಗಿಸಿ, ಹುಡುಗಿಯಿಂದ ಒಂದು ದೇವರನಾಮ ಹಾಡಿಸಿ, ಬಳಿಕ ಏನೂ ಅರಿಯದವರಂತೆ “ಒಂದು ಲೋಟ ನೀರು ತಂದುಕೊಡಮ್ಮ” ಎನ್ನುತ್ತಿದ್ದರು. ಅವರಿಗೆ ಬಾಯಾರಿಕೆ ಇರುತ್ತಿರಲಿಲ್ಲ, ಹುಡುಗಿಯ ಕಾಲು ಸರಿಯಿದೆಯೇ ಎಂಬ ಅನುಮಾನ ಇರುತ್ತಿತ್ತು. ಹೀಗೆ ಐದು ಮನೆಯವರಿಗೆ ನೀರು ಹೊತ್ತ ನಮ್ಮ ಅತ್ತೆ, ಆರನೆಯವರು ಕೇಳಿದಾಗ ಕುಳಿತಲ್ಲಿಂದ ಏಳದೆ, “ಬಾವಿ ಹಿತ್ತಲಲ್ಲಿದೆ, ಹಗ್ಗ ಅಲ್ಲೇ ಇದೆ” ಎಂದರಂತೆ. ಆ ಆರನೆಯ ವರನೇ ನಮ್ಮ ಮಾವ. ಬದುಕಿರುವಷ್ಟು ಕಾಲ ಮನೆಗೆ ನೀರು ಸೇದಿದವರು ಅವರೇ.

ಫ್ರಿಸ್ಕೊದಲ್ಲಿ ಮಾತ್ರ ವರ ಮಹಾಶಯರಿಗೆ ಒಂದು ಲೋಟ ನೀರು ತರಲು ಹೇಳುವ ಧೈರ್ಯ ಯಾರಿಗೂ ಬಂದಂತಿಲ್ಲ. ಆಗ ಕೌಬಾಯ್ಸ್ ಆಟಗಾರರಾಗಿದ್ದ ಮೈಕಾ ಪಾರ್ಸನ್ಸ್ ಮತ್ತು ಟ್ರೆವಾನ್ ಡಿಗ್ಸ್ ಇಬ್ಬರೂ ಈ ವರನನ್ನು ಮ್ಯಾವೆರಿಕ್ಸ್ ತಂಡದ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಕರೆದೊಯ್ದು ಪಕ್ಕದಲ್ಲಿ ಕೂರಿಸಿಕೊಂಡರು. ವೈದ್ಯರು ಮಂಡಿ ನೋಡಿದರು. ಆದರೆ ಓಡುವುದೇ ವೃತ್ತಿಯಾಗಿರುವ ಆ ಮನುಷ್ಯ ಓಡಿ ತೋರಿಸಲಿಲ್ಲ ಎಂದು ವರದಿಯಾಯಿತು. ಅದಕ್ಕೂ ಒಂದು ವಾರ ಮೊದಲು ಮಯಾಮಿಯಲ್ಲಿ ಅವರನ್ನು ವಿಮಾನದಿಂದ ಇಳಿಸಿದ ಪ್ರಸಂಗ ನಡೆದಿತ್ತು, ಅದರಿಂದ ತಮ್ಮ ಆಸಕ್ತಿ ಕುಗ್ಗಿಲ್ಲವೆಂದು ಮಾಲೀಕ ಜೆರ್ರಿ ಜೋನ್ಸ್ ಪತ್ರಕರ್ತರಿಗೆ ಹೇಳಿದ್ದರು. ಇತ್ತ ವರನು, ನಿಯಮಿತ ಋತುವಿನ ಪಂದ್ಯಗಳನ್ನು ಆಡುವುದರಲ್ಲಿ ತನಗೆ ಅರ್ಥ ಕಾಣುತ್ತಿಲ್ಲ, ಆಡಿದರೆ ಪ್ಲೇಆಫ್ ಆಡಬಹುದು ಎಂಬ ಇಂಗಿತ ಕೊಟ್ಟರು. ಮದುವೆಯ ಓಡಾಟಕ್ಕೆಲ್ಲ ಬರಲಾರೆ, ಊಟದ ದಿನ ಎಲೆ ಹಾಕಿದ ಮೇಲೆ ಕರೆಯಿರಿ ಎಂದು ಇದರ ಭಾವಾರ್ಥ. ಊರಿಗೆ ಹೋಗಿ ಪತ್ರ ಬರೆಯುತ್ತೇವೆ ಎನ್ನುವ ಹಳೆಯ ಮಾತಿನೊಂದಿಗೆ ಶಾಸ್ತ್ರ ಮುಗಿಯಿತು.

ಜೋನ್ಸ್ ಅವರನ್ನು ನಾನು ಹೊಗಳಲೇಬೇಕು. 1989ರಲ್ಲಿ 14 ಕೋಟಿ ಡಾಲರ್ ಕೊಟ್ಟು ಕೊಂಡ ತಂಡಕ್ಕೆ 2022ರಲ್ಲಿ ಫೋರ್ಬ್ಸ್ ಪತ್ರಿಕೆ 800 ಕೋಟಿ ಡಾಲರ್ ಬೆಲೆ ಕಟ್ಟಿತು. ಆ ತಂಡ ಕಡೆಯ ಬಾರಿ ಸೂಪರ್ ಬೌಲ್ ಗೆದ್ದದ್ದು 1996ರ ಜನವರಿಯಲ್ಲಿ, ಅಂದರೆ ನಮ್ಮ ದೇವೇಗೌಡರು ಇನ್ನೂ ಪ್ರಧಾನಿಯಾಗಿರದ ದಿನಗಳಲ್ಲಿ. ಗೆದ್ದು ಗಳಿಸುವ ವಿದ್ಯೆ ಹಲವರಿಗೆ ಗೊತ್ತು, ಗೆಲ್ಲದೆ ಗಳಿಸುವುದು ಸಿದ್ಧಪುರುಷರಿಗೆ ಮಾತ್ರ ಸಾಧ್ಯ. ಆ ಸಿದ್ಧಿಯ ಬೀಜಮಂತ್ರವೇ ಈ “ಬೇಕೇ, ಬೇಡವೇ” ಎಂಬ ಪ್ರಶ್ನೆ. ಪಂದ್ಯ ನಡೆಯುವುದು ವಾರಕ್ಕೊಂದು ದಿನವಾದರೂ ಪ್ರಶ್ನೆ ಏಳು ದಿನವೂ ಓಡುತ್ತದೆ. ಅದಕ್ಕೆ ಮಂಡಿಯ ತೊಂದರೆಯೂ ಇಲ್ಲ.

ಆದರೆ ಆ ವಾರ ಯಾರೂ ಕೇಳದ ಇನ್ನೊಂದು ಪ್ರಶ್ನೆಯಿತ್ತು. ಇವರಿಗೆ ರಿಸೀವರ್‌ನ ಬರ ಬಂದದ್ದಾದರೂ ಹೇಗೆ? ಅಮಾರಿ ಕೂಪರ್ ಎಂಬ ಒಬ್ಬ ಒಳ್ಳೆಯ ರಿಸೀವರ್ ಇವರ ಬಳಿಯೇ ಇದ್ದರು. 2018ರಲ್ಲಿ, ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನ ಮೊದಲ ಸುತ್ತಿನ ಆಯ್ಕೆಯನ್ನು ತೆತ್ತು ತಂದ ಆ ಆಟಗಾರನನ್ನು, 2 ಕೋಟಿ ಡಾಲರ್ ಸಂಬಳ ಹೆಚ್ಚಾಯಿತೆಂದು, 2022ರ ಮಾರ್ಚ್‌ನಲ್ಲಿ ಹೆಚ್ಚುಕಡಿಮೆ ಒಂದು ಐದನೆಯ ಸುತ್ತಿನ ಆಯ್ಕೆಗೆ ಕ್ಲೀವ್‌ಲ್ಯಾಂಡ್‌ಗೆ ಸಾಗಹಾಕಿದರು. ಆ ಋತುವಿನಲ್ಲಿ ಕೂಪರ್ ಅಲ್ಲಿ ಚೆಂಡು ಹಿಡಿದು 1,160 ಗಜ ಮುನ್ನಡೆ ಗಳಿಸಿದರು. ಇಲ್ಲಿ ನಾವು, ಹಿತ್ತಲಿನ ತೆಂಗಿನ ಮರ ಕಡಿಸಿ ಸೌದೆಗೆ ಕೊಟ್ಟವರು, ಸಂತೆಯಲ್ಲಿ ನಿಂತು ಎಳನೀರಿನ ರುಚಿಯ ಬಗ್ಗೆ ವಾದಿಸುತ್ತಿದ್ದೆವು.

ನನಗೆ ಈ ವಿಷಯದಲ್ಲಿ ನಗು ಬರುವುದು ನಿಂತು ಬಹಳ ದಿನವಾಯಿತು. ಆರ್ಲಿಂಗ್ಟನ್ ನಗರದ ಜನ 2004ರಲ್ಲಿ ಮತ ಹಾಕಿ, ತಮ್ಮ ಮೇಲೆ ತಾವೇ ತೆರಿಗೆ ಹೇರಿಕೊಂಡು, ಈ ತಂಡದ ಕ್ರೀಡಾಂಗಣಕ್ಕೆ 32.5 ಕೋಟಿ ಡಾಲರ್ ಕೊಡಲು ಒಪ್ಪಿದರು. ಅಂಗಡಿಯಲ್ಲಿ ಸೋಪು ಕೊಂಡವನೂ ಅದಕ್ಕೆ ಚಿಲ್ಲರೆ ಹಾಕಿದ್ದಾನೆ. ಅಷ್ಟು ಕೊಟ್ಟವನಿಗೆ ತಂಡ ಏಕೆ ಸೋಲುತ್ತದೆಂದು ಕೇಳುವ ಹಕ್ಕಿದೆ. ಅವನ ಕೈಗೆ ಬರುವುದು ಮಾತ್ರ ಬೆಕ್‌ಹ್ಯಾಮ್ ಬರುತ್ತಾರೋ ಇಲ್ಲವೋ ಎಂಬ ಗಿಲಕಿ. ನಾವೂ ಅದನ್ನು ಅಲ್ಲಾಡಿಸುತ್ತ ಕೂರುತ್ತೇವೆ. ಇದು ಮೋಸವೆಂದು ಗೊತ್ತಿದ್ದೂ ಕೂರುತ್ತೇವೆ.

ಈ ಗದ್ದಲದ ನಡುವೆ ಆದದ್ದೇನು? ಡಿಸೆಂಬರ್ 12ರಂದು ಕೌಬಾಯ್ಸ್ ನಿಜಕ್ಕೂ ಯಾವ ತಂಡದಲ್ಲೂ ಇಲ್ಲದ ಒಬ್ಬ ಹಿರಿಯ ರಿಸೀವರ್‌ನನ್ನು ಸೇರಿಸಿಕೊಂಡರು. ಅವರು 33 ವರ್ಷದ ಟಿ. ವೈ. ಹಿಲ್ಟನ್. ಅವರಿಗಾಗಿ ಯಾರೂ ಬ್ಯಾಸ್ಕೆಟ್‌ಬಾಲ್ ಟಿಕೆಟ್ ತೆಗೆದದ್ದನ್ನು ನಾನು ಕೇಳಿಲ್ಲ. ಕ್ರಿಸ್‌ಮಸ್ ಹಿಂದಿನ ದಿನ ಫಿಲಡೆಲ್ಫಿಯಾ ಈಗಲ್ಸ್ ವಿರುದ್ಧ ಏಳು ಅಂಕ ಹಿಂದಿದ್ದಾಗ, ನಾಲ್ಕು ಯತ್ನಗಳಲ್ಲಿ (ಡೌನ್) ಮೂರನೆಯದರಲ್ಲಿ 30 ಗಜ ಬೇಕಿದ್ದಾಗ, ಅಂದರೆ ನೋಡುವವರು ಎದ್ದು ಅಡುಗೆಮನೆಗೆ ಹೋಗುವ ಹೊತ್ತಿನಲ್ಲಿ, ಹಿಲ್ಟನ್ 52 ಗಜದ ಎಸೆತವನ್ನು ಹಿಡಿದರು. ಪಂದ್ಯ 40-34ಕ್ಕೆ ನಮ್ಮದಾಯಿತು. ಹಿರಿಯರನ್ನು ಕರೆತರುವುದು ತಪ್ಪೆಂದು ನಾನು ವಾದಿಸುತ್ತಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಆ ಒಳ್ಳೆಯ ಕೆಲಸವನ್ನು ಅವರು ವಾದ್ಯವಿಲ್ಲದೆ, ಓಲಗವಿಲ್ಲದೆ ಮಾಡಿದರು, ಆದ್ದರಿಂದ ರೇಡಿಯೊದವರಿಗೆ ಅದರಿಂದ ಒಂದು ಬೆಳಗೂ ತುಂಬಲಿಲ್ಲ.

ಜನವರಿಯಲ್ಲಿ ಫಾರ್ಟಿನೈನರ್ಸ್ ವಿರುದ್ಧ 19-12ಕ್ಕೆ ಸೋತು ಋತು ಮುಗಿಯಿತು. ಆ ಪಂದ್ಯದ ಕಡೆಯ ಆಟದಲ್ಲಿ, ಚೆಂಡು ಹೊತ್ತು ಓಡಬೇಕಾದ ಎಜೆಕಿಯಲ್ ಎಲಿಯಟ್ ಅವರನ್ನು ಮಧ್ಯದಲ್ಲಿ ಒಬ್ಬರನ್ನೇ ಬಗ್ಗಿ ನಿಲ್ಲಿಸಿ ಚೆಂಡು ಹಿಂದಕ್ಕೆ ಕೊಡಿಸಿದರು, ಮರುಕ್ಷಣವೇ ಎದುರಾಳಿ ಅವರನ್ನು ನೆಲಕ್ಕುರುಳಿಸಿದ. ಈ ಯೋಜನೆಗೆ ಯಾವ ರಿಸೀವರ್‌ನ ಮಂಡಿಯೂ ಕಾರಣವಲ್ಲ. ಅತ್ತ ಬೆಕ್‌ಹ್ಯಾಮ್ ಅವರಿಗೆ ಆ ವಸಂತದಲ್ಲಿ ಬಾಲ್ಟಿಮೋರ್ ರೇವನ್ಸ್ ಒಂದು ವರ್ಷಕ್ಕೆ 1.5 ಕೋಟಿ ಡಾಲರ್ ಖಾತರಿ ಕೊಟ್ಟರು. ಅಲ್ಲಿ 565 ಗಜ ಗಳಿಸಿದರು, ಮರುವರ್ಷ ಮಯಾಮಿಯಲ್ಲಿ 55 ಗಜ. ಬೇಡ ಎಂದಿದ್ದವರು ಇದನ್ನು ಕೇಳಿ ಮೀಸೆ ತಿರುವಿದರು. ಬೇಕು ಎಂದಿದ್ದವರು, ನಮ್ಮಲ್ಲಿಗೆ ಬಂದಿದ್ದರೆ ಕಥೆಯೇ ಬೇರೆಯಿತ್ತು ಎಂದು ಈಗಲೂ ನಂಬಿದ್ದಾರೆ.

ಇಂದು ಬೆಳಿಗ್ಗೆ ಪ್ಲೇನೊ ಊರಿನಿಂದ ಫೋನ್ ಮಾಡಿದವರೊಬ್ಬರಿಗೆ ಈ ವರ್ಷದ ವರನ ಮಂಡಿಯ ಬಗ್ಗೆ ಯಾವ ಸಂಶಯವೂ ಇರಲಿಲ್ಲ. ಅವರ ಭಾವಮೈದುನ ಆತನನ್ನು ವಿಮಾನ ನಿಲ್ದಾಣದಲ್ಲಿ ಕಂಡಿದ್ದನಂತೆ. ಚೆನ್ನಾಗಿಯೇ ನಡೆಯುತ್ತಿದ್ದರಂತೆ, ಕೈಯಲ್ಲಿ ನೀರಿನ ಬಾಟಲಿಯೂ ಇತ್ತಂತೆ.